ಫರ್ಡಿನೆಂಡ್ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಓದುವವರಿಗೆ ಫರ್ಡಿನೆಂಡ್ ಅಂದ ಕೂಡಲೇ ನೆನಪಾಗುವುದು ನಿಘಂಟಿನ ಕಿಟೆಲ್. ಮಂಗಳೂರು, ಉಡುಪಿ ಕಡೆಯವರಿಗೆ ಫರ್ನಾಂಡಿಸ್ ಎಂಬ ಮನೆತನದ ಹೆಸರು ದಿನವೂ ಕಿವಿಗೆ ಬೀಳುವಂಥದ್ದು. ಇವೆರಡರ ಮೂಲ ಒಂದೇ ಅಂದರೆ ತುಂಬಾ ಜನ ಹುಬ್ಬೇರಿಸುತ್ತಾರೆ. ಒಂದು ನಮ್ಮಲ್ಲಿಗೆ ಜರ್ಮನಿಯಿಂದ ಬಂತು, ಇನ್ನೊಂದು ಪೋರ್ಚುಗಲ್‌ನಿಂದ. ಅದಕ್ಕೂ ಮುಂಚೆ ಈ ಹೆಸರು ಯುರೋಪಿನಲ್ಲಿ ಸುತ್ತಿದ ದಾರಿ ಇನ್ನೂ ದೊಡ್ಡದು.

ಇದು ಮೂಲತಃ ಯಾವ ಭಾಷೆಯ ಹೆಸರು?

ಗಾಥಿಕ್ ಭಾಷೆಯದು. ಜರ್ಮನ್, ಇಂಗ್ಲಿಷ್, ಡಚ್, ಸ್ವೀಡಿಷ್ ಇರುವ ಜರ್ಮಾನಿಕ್ ಬಳಗಕ್ಕೇ ಸೇರಿದ ಭಾಷೆ ಅದು. ಈಗ ಆಡುವವರು ಯಾರೂ ಇಲ್ಲ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಗಾಥಿಕ್‌ಗೆ ಅನುವಾದಿಸಿದ. 6ನೇ ಶತಮಾನದ ಅದರ ಒಂದು ಪ್ರತಿ ಸ್ವೀಡನ್ನಿನ ಉಪ್ಸಲಾದಲ್ಲಿದೆ. ನೇರಳೆ ಬಣ್ಣದ ಚರ್ಮದ ಹಾಳೆ, ಅದರ ಮೇಲೆ ಬೆಳ್ಳಿ ಶಾಯಿಯ ಅಕ್ಷರ. ಈ ಭಾಷೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಅನುವಾದದಿಂದಲೇ ಬಂದದ್ದು.

ಗಾಥ್ ಜನರ ಒಂದು ಕವಲು ವಿಸಿಗಾಥ್. ಇವರು 410ರಲ್ಲಿ ರೋಮ್ ನಗರವನ್ನು ಸೂರೆ ಮಾಡಿದರು. 418ರಲ್ಲಿ ಈಗಿನ ನೈಋತ್ಯ ಫ್ರಾನ್ಸಿನಲ್ಲಿ ನೆಲೆ ನಿಂತರು. 507ರಲ್ಲಿ ಫ್ರಾಂಕ್ ಜನರ ಎದುರು ಸೋತ ಮೇಲೆ ಅವರ ರಾಜ್ಯ ಹೆಚ್ಚಾಗಿ ಸ್ಪೇನ್ ಕಡೆಗೆ ಸರಿಯಿತು. ತೊಲೆದೊ ರಾಜಧಾನಿಯಾಯಿತು. 711ರಲ್ಲಿ ಉತ್ತರ ಆಫ್ರಿಕಾದಿಂದ ಮುಸ್ಲಿಂ ಸೈನ್ಯ ಬಂದಾಗ ಆ ರಾಜ್ಯವೂ ಮುಗಿಯಿತು.

ಆಳುವವರು ಬೆರಳೆಣಿಕೆಯಷ್ಟು, ಸುತ್ತಲಿನ ಜನ ಆಡುತ್ತಿದ್ದದ್ದು ಲ್ಯಾಟಿನ್. ಹಾಗಾಗಿ ಸ್ಪೇನಿನಲ್ಲಿ ಗಾಥಿಕ್ ಬೇಗ ಕರಗಿಹೋಯಿತು. ಉಳಿದದ್ದು ಮುಖ್ಯವಾಗಿ ಹೆಸರುಗಳು. ಫರ್ನಾಂಡೊ, ರೊಡ್ರಿಗೊ, ಅಲ್ಫಾನ್ಸೊ, ಅಲ್ವಾರೊ, ಗೊನ್ಸಾಲೊ: ಅಪ್ಪಟ ಸ್ಪ್ಯಾನಿಷ್ ಅಂತ ನಾವು ಅಂದುಕೊಳ್ಳುವ ಇವೆಲ್ಲ ಹುಟ್ಟಿನಿಂದ ಜರ್ಮಾನಿಕ್ ಹೆಸರುಗಳು.

ಅರ್ಥ ಏನು?

ಹೆಸರಿನಲ್ಲಿ ಎರಡು ಭಾಗ ಇವೆ. ಹಿಂದಿನ ಭಾಗದ ಬಗ್ಗೆ ಜಗಳವಿಲ್ಲ. ಅದು 'ನಂಥ್', ಅಂದರೆ ಧೈರ್ಯ, ಎದೆಗಾರಿಕೆ. ಧೈರ್ಯ ಮಾಡು ಎನ್ನುವ ಅರ್ಥದ ಕ್ರಿಯಾಪದ ಗಾಥಿಕ್ ಬೈಬಲಿನಲ್ಲೇ ಸಿಗುತ್ತದೆ. 7ನೇ ಶತಮಾನದಲ್ಲಿ ಆಳಿದ ಒಬ್ಬ ವಿಸಿಗಾಥ್ ದೊರೆಯ ಹೆಸರು ಸಿಸೆನಂದ್. ಅಲ್ಲೂ ಬಾಲದಲ್ಲಿ ಇರುವುದು ಇದೇ.

ಮುಂದಿನ ಭಾಗದ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷ. ಒಂದು ಪಕ್ಷದ ಪ್ರಕಾರ ಅದು ಪ್ರಯಾಣ. ಜರ್ಮನ್ನಿನ 'ಫಾರ್ಟ್', ಇಂಗ್ಲಿಷಿನ 'ಫೇರ್' ಅದೇ ಬೇರಿನವು. ಬಸ್ಸಿಗೆ ನಾವು ಕೊಡುವ ಫೇರ್ ಕೂಡ ಅದೇ. ಇನ್ನೊಂದು ಪಕ್ಷದ ಪ್ರಕಾರ ಅದು 'ಫ್ರಿಥು', ಅಂದರೆ ಶಾಂತಿ. ಫ್ರೀಡ್ರಿಖ್ ಹೆಸರಿನಲ್ಲಿರುವ 'ಫ್ರೀಡ್' ಇದೇ. ಬಾಯಿಂದ ಬಾಯಿಗೆ ಹೋಗುವಾಗ ರ ಮತ್ತು ಸ್ವರ ಅದಲುಬದಲಾಗಿ 'ಫ್ರಿಥ್' ಹೋಗಿ 'ಫಿರ್ದ್' ಆಯಿತು ಎನ್ನುವುದು ಇವರ ವಾದ. ಮೂಲ ಗಾಥಿಕ್ ರೂಪ ಬರಹದಲ್ಲಿ ಸಿಕ್ಕಿಲ್ಲ. ಹಾಗಾಗಿ ಎರಡೂ ಊಹೆಯ ಮಟ್ಟದಲ್ಲೇ ಉಳಿದಿವೆ.

ಹಾಗಾದರೆ 'ಧೈರ್ಯಶಾಲಿ ಪ್ರಯಾಣಿಕ' ಅಂತ ಹೇಳಬಹುದಾ?

ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಹಾಗೇ ಬರೆದಿರುತ್ತಾರೆ. ಜೊತೆಗೆ 'ಸಾಹಸಿ, ಸುತ್ತಾಟ ಇಷ್ಟಪಡುವವನು' ಅಂತ ಒಗ್ಗರಣೆ ಬೇರೆ. ನನಗೆ ಇದು ಒಪ್ಪಿಗೆಯಿಲ್ಲ.

ಹಳೆಯ ಜರ್ಮಾನಿಕ್ ಜನ ಹೆಸರು ಕಟ್ಟುತ್ತಿದ್ದ ರೀತಿಯೇ ಬೇರೆ. ಅವರ ಬಳಿ ಗೌರವದ ಪದಗಳ ಒಂದು ಸಂಗ್ರಹ ಇತ್ತು: ಕೀರ್ತಿ, ಯುದ್ಧ, ಶಾಂತಿ, ಶಿರಸ್ತ್ರಾಣ, ತೋಳ, ಒಡೆತನ, ಧೈರ್ಯ. ಅದರಿಂದ ಎರಡನ್ನು ಆರಿಸಿ ಜೋಡಿಸುತ್ತಿದ್ದರು. ಎಷ್ಟೋ ಸಲ ಅಪ್ಪನ ಹೆಸರಿನಿಂದ ಒಂದು ತುಂಡು, ಅಮ್ಮನ ಕಡೆಯಿಂದ ಇನ್ನೊಂದು ತುಂಡು. ಎರಡೂ ಸೇರಿ ಒಂದು ವಾಕ್ಯದಂತೆ ಅರ್ಥ ಕೊಡಲೇಬೇಕು ಎನ್ನುವ ನಿಯಮ ಇರಲಿಲ್ಲ. ವಿಲ್ಹೆಲ್ಮ್ ಅಂದರೆ 'ಇಚ್ಛೆ' ಮತ್ತು 'ಶಿರಸ್ತ್ರಾಣ'. ಇದನ್ನು ಒಂದೇ ಅರ್ಥವಾಗಿ ಬಿಡಿಸಿ ನೋಡಿ, ಆಗುವುದಿಲ್ಲ. ಹಿಲ್ಡೆಗುಂಡ್ ಎಂಬ ಹೆಣ್ಣಿನ ಹೆಸರಿನಲ್ಲಂತೂ ಎರಡು ಭಾಗಕ್ಕೂ ಯುದ್ಧ ಎಂದೇ ಅರ್ಥ. ಹಾಗಾಗಿ ಫರ್ಡಿನೆಂಡ್‌ನಲ್ಲಿ 'ಪ್ರಯಾಣ ಅಥವಾ ಶಾಂತಿ' ಎಂಬ ಒಂದು ಪದ, 'ಧೈರ್ಯ' ಎಂಬ ಇನ್ನೊಂದು ಪದ ಇವೆ. ಅಷ್ಟೇ ಹೇಳಿದರೆ ಸರಿ.

'ನಂದ್' ಅಂತ ಇದೆಯಲ್ಲ, ನಮ್ಮ ನಂದ, ಆನಂದಕ್ಕೆ ಸಂಬಂಧ ಉಂಟಾ?

ಇಲ್ಲ. ಕಿವಿಗೆ ಒಂದೇ ಥರ ಕೇಳಿಸುತ್ತದೆ, ಆದರೆ ಬೇರು ಬೇರೆ. ಸಂಸ್ಕೃತದ 'ನಂದ್' ಅಂದರೆ ಸಂತೋಷಪಡು. ಜರ್ಮಾನಿಕ್ ಭಾಷೆಗಳಲ್ಲಿ 'ಥ' ಧ್ವನಿ ಇದ್ದಲ್ಲಿ ಸಂಸ್ಕೃತದಲ್ಲಿ ಸಾಮಾನ್ಯವಾಗಿ 'ತ' ಸಿಗಬೇಕು, 'ದ' ಅಲ್ಲ. ಇಂಗ್ಲಿಷಿನ 'ಥ್ರೀ' ಮತ್ತು ಸಂಸ್ಕೃತದ 'ತ್ರಿ' ನೆನಪಿಸಿಕೊಳ್ಳಿ. ಆ ಲೆಕ್ಕಕ್ಕೆ ನಂದ ಹೊಂದುವುದಿಲ್ಲ.

ನಿಜವಾದ ನಂಟು ಇರುವುದು ಯಾರೂ ಹುಡುಕದ ಜಾಗದಲ್ಲಿ, ಅಂದರೆ ಹೆಸರಿನ ಮುಂಭಾಗದಲ್ಲಿ. ಜರ್ಮಾನಿಕ್‌ನ 'ಫ' ಸಂಸ್ಕೃತದಲ್ಲಿ 'ಪ' ಆಗಿರುತ್ತದೆ. ಇಂಗ್ಲಿಷಿನ 'ಫಾದರ್', ಸಂಸ್ಕೃತದ 'ಪಿತೃ' ಇದ್ದ ಹಾಗೆ. ಮೊದಲ ಭಾಗ ಪ್ರಯಾಣ ಎಂದಾದರೆ ಅದರ ದೂರದ ಬಂಧು 'ಪಾರ', ಅಂದರೆ ಆಚೆ ದಡ. ನಾವು 'ಪಾರಾದ' ಅನ್ನುತ್ತೇವಲ್ಲ, ಅದೇ ಪಾರ. ಶಾಂತಿ ಎಂದಾದರೆ ಬಂಧು 'ಪ್ರಿಯ', 'ಪ್ರೀತಿ'. ಯಾವ ಪಕ್ಷ ಗೆದ್ದರೂ ನಮಗೊಬ್ಬ ನೆಂಟ ಸಿಗುತ್ತಾನೆ!

ಸ್ಪೇನಿನಲ್ಲಿ ಇದು ಇಷ್ಟು ದೊಡ್ಡ ಹೆಸರಾದದ್ದು ಹೇಗೆ?

ರಾಜರಿಂದ. 10ನೇ ಶತಮಾನದಲ್ಲಿ ಕಾಸ್ಟೀಲ್ ಪ್ರಾಂತ್ಯವನ್ನು ಬಲಪಡಿಸಿದವನು ಫೆರ್ನಾನ್ ಗೊನ್ಸಾಲೆಸ್. ಮುಂದಿನ ಶತಮಾನದಲ್ಲಿ ಒಂದನೇ ಫರ್ನಾಂಡೊ ಲೆಯೋನ್ ಮತ್ತು ಕಾಸ್ಟೀಲ್ ಎರಡನ್ನೂ ಆಳಿದ. ಮೂರನೇ ಫರ್ನಾಂಡೊ 1236ರಲ್ಲಿ ಕೊರ್ದೊಬಾವನ್ನೂ 1248ರಲ್ಲಿ ಸೆವಿಲ್ಲನ್ನೂ ಗೆದ್ದ. 1671ರಲ್ಲಿ ಚರ್ಚು ಆತನನ್ನು ಸಂತ ಎಂದು ಘೋಷಿಸಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಕಣಿವೆಗೆ ಹೆಸರು ಬಂದದ್ದು ಈ ಸಂತನಿಂದಲೇ. 1797ರಲ್ಲಿ ಅಲ್ಲಿ ಆತನ ಹೆಸರಿನ ಮಿಷನ್ ಕಟ್ಟಿದ್ದರು.

ಎಲ್ಲರಿಗೂ ಗೊತ್ತಿರುವವನು ಅರಗಾನಿನ ಎರಡನೇ ಫರ್ಡಿನೆಂಡ್. 1469ರಲ್ಲಿ ಕಾಸ್ಟೀಲಿನ ಇಸಬೆಲ್ಲಾಳನ್ನು ಮದುವೆಯಾದ. 1492ರಲ್ಲಿ ಗ್ರನಾಡಾ ಇವರ ಕೈಗೆ ಬಂತು. ಅದೇ ವರ್ಷ ಯಹೂದಿಗಳನ್ನು ದೇಶದಿಂದ ಹೊರಗೆ ಹಾಕಿದರು, ಅದೇ ವರ್ಷ ಕೊಲಂಬಸ್ ಹಡಗು ಹತ್ತಿದ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಕೊಲಂಬಸ್ ಪಾಠದ ಪಕ್ಕದಲ್ಲಿ ಬರುವ ಫರ್ಡಿನೆಂಡ್ ಈತ.

ಜರ್ಮಾನಿಕ್ ಹೆಸರು ಅಂದಮೇಲೆ ಜರ್ಮನ್ನರು ಮೊದಲಿನಿಂದಲೂ ಇಟ್ಟುಕೊಳ್ಳುತ್ತಿದ್ದರು, ಅಲ್ವಾ?

ಅಲ್ಲ! ಈ ಹೆಸರಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸುವುದು ಇದೇ. ಮಧ್ಯಯುಗದ ಜರ್ಮನಿಯಲ್ಲಿ ಹೈನ್ರಿಖ್, ಕೊನ್ರಾಡ್, ಒಟ್ಟೊ, ಫ್ರೀಡ್ರಿಖ್ ಬೇಕಾದಷ್ಟು ಸಿಗುತ್ತಾರೆ. ಫರ್ಡಿನೆಂಡ್ ಅಲ್ಲಿ ಬಳಕೆಯ ಹೆಸರಾಗಿರಲಿಲ್ಲ. ಗಾಥ್ ಜನರ ಜೊತೆ ಅದು ಸ್ಪೇನಿಗೆ ಹೋಗಿಬಿಟ್ಟಿತ್ತು. ಹತ್ತಿರಹತ್ತಿರ ಸಾವಿರ ವರ್ಷ ಅಲ್ಲೇ ಇತ್ತು.

ವಾಪಸ್ ತಂದದ್ದು ಒಂದು ಮದುವೆ ಸಂಬಂಧ. ಅರಗಾನಿನ ಫರ್ಡಿನೆಂಡನ ಮಗಳು ಹುವಾನಾ. ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ಫಿಲಿಪ್ ಜೊತೆ ಆಕೆಯ ಮದುವೆಯಾಯಿತು. ದೊಡ್ಡ ಮಗ ಚಾರ್ಲ್ಸ್ ಹುಟ್ಟಿದ್ದು ಈಗಿನ ಬೆಲ್ಜಿಯಂನ ಗೆಂಟ್‌ನಲ್ಲಿ. ಇನ್ನೊಬ್ಬ ಮಗ 1503ರಲ್ಲಿ ಸ್ಪೇನಿನಲ್ಲೇ ಹುಟ್ಟಿ, ತಾಯಿಯ ತಂದೆಯ ಹೆಸರು ಪಡೆದು, ಅಲ್ಲೇ ಬೆಳೆದ. ಆಮೇಲೆ ನಡೆದದ್ದು ತಮಾಷೆ. ಉತ್ತರದಲ್ಲಿ ಬೆಳೆದ ಚಾರ್ಲ್ಸ್ ಸ್ಪೇನಿನ ರಾಜನಾದ. ಸ್ಪೇನಿನಲ್ಲಿ ಬೆಳೆದ ಫರ್ಡಿನೆಂಡ್ ಉತ್ತರಕ್ಕೆ ಹೋಗಬೇಕಾಯಿತು. 1521ರಲ್ಲಿ ಆಸ್ಟ್ರಿಯಾದ ಆಡಳಿತ ಅವನ ಕೈಗೆ ಬಂತು. 1526ರಲ್ಲಿ ಬೊಹೆಮಿಯಾ ಮತ್ತು ಹಂಗೆರಿಯ ಕಿರೀಟ ಸಿಕ್ಕಿತು. 1558ರಲ್ಲಿ ಪವಿತ್ರ ರೋಮನ್ ಚಕ್ರವರ್ತಿಯಾದ.

ಅಲ್ಲಿಂದ ಶುರು. 17ನೇ ಶತಮಾನದಲ್ಲಿ ಇದೇ ಮನೆತನದಲ್ಲಿ ಎರಡನೇ ಮತ್ತು ಮೂರನೇ ಫರ್ಡಿನೆಂಡ್ ಚಕ್ರವರ್ತಿಗಳಾದರು. 30 ವರ್ಷಗಳ ಯುದ್ಧ ನಡೆದದ್ದು ಹೆಚ್ಚಾಗಿ ಇವರ ಕಾಲದಲ್ಲೇ. ರಾಜ ಇಟ್ಟುಕೊಂಡ ಹೆಸರನ್ನು ಸರದಾರ ಇಡುತ್ತಾನೆ, ಸರದಾರನದ್ದನ್ನು ವ್ಯಾಪಾರಿ ಇಡುತ್ತಾನೆ. ಮೊದಲು ಕ್ಯಾಥೊಲಿಕ್ ಮನೆಗಳಿಗೆ, ಆಮೇಲೆ ಪ್ರೊಟೆಸ್ಟೆಂಟ್ ಮನೆಗಳಿಗೂ ಇದು ಹಬ್ಬಿತು. 19ನೇ ಶತಮಾನದ ಹೊತ್ತಿಗೆ ಉತ್ತರ ಸಮುದ್ರದ ಅಂಚಿನ ಒಬ್ಬ ಲೂಥರನ್ ಪಾದ್ರಿ ಕೂಡ ಮಗನಿಗೆ ಇದೇ ಹೆಸರಿಟ್ಟರು. ಆ ಮಗ ಯಾರು ಅಂತ ಕೆಳಗೆ ಹೇಳುತ್ತೇನೆ.

ಫರ್ನಾಂಡೊ, ಹೆರ್ನಾಂಡೊ, ಫೆರ್ನಾವೊ, ಎಲ್ಲ ಒಂದೇನಾ?

ಎಲ್ಲವೂ ಒಂದೇ. ಸ್ಪ್ಯಾನಿಷ್‌ನಲ್ಲಿ ಫರ್ನಾಂಡೊ, ಹೆರ್ನಾಂಡೊ, ಚಿಕ್ಕದಾಗಿ ಹೆರ್ನಾನ್. ಮೆಕ್ಸಿಕೊ ಗೆದ್ದ ಕೊರ್ಟೆಸ್‌ನ ಹೆಸರು ಹೆರ್ನಾನ್. ಪೋರ್ಚುಗೀಸ್‌ನಲ್ಲಿ ಫರ್ನಾಂಡೊ ಮತ್ತು ಹಳೆಯ ರೂಪ ಫೆರ್ನಾವೊ. ನಾವು ಫರ್ಡಿನೆಂಡ್ ಮೆಗೆಲನ್ ಅಂತ ಓದಿದ ನಾವಿಕ ಅವನ ಊರಿನಲ್ಲಿ ಫೆರ್ನಾವೊ. 1519ರಲ್ಲಿ ಸ್ಪೇನಿನಿಂದ ಹೊರಟವನು 1521ರಲ್ಲಿ ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದಲ್ಲಿ ಸತ್ತ. ಕ್ಯಾಟಲನ್‌ನಲ್ಲಿ ಫೆರ್ರಾನ್, ಇಟಲಿಯಲ್ಲಿ ಫೆರ್ಡಿನಾಂಡೊ ಮತ್ತು ಫೆರ್ರಾಂಟೆ, ಫ್ರಾನ್ಸಿನಲ್ಲಿ ಫೆರ್ನಾಂ. ಹಂಗೆರಿಯವರಂತೂ ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು: ನಾಂದೊರ್.

ಫ ಹೋಗಿ ಹ ಆದದ್ದು ಹೇಗೆ ಎಂದು ಕನ್ನಡಿಗರಿಗೆ ವಿವರಿಸುವುದು ಸುಲಭ. ನಮ್ಮಲ್ಲಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರು ಹೆಸರಾಯಿತು. ಕಾಸ್ಟೀಲಿನ ಸ್ಪ್ಯಾನಿಷ್‌ನಲ್ಲೂ ಇಂಥದ್ದೇ ಒಂದು ಬದಲಾವಣೆ ನಡೆಯಿತು. ಲ್ಯಾಟಿನ್ನಿನ 'ಫರೀನಾ' (ಹಿಟ್ಟು) ಸ್ಪ್ಯಾನಿಷ್‌ನಲ್ಲಿ 'ಹರೀನಾ' ಆಯಿತು, ಆಮೇಲೆ ಆ ಹ ಕೂಡ ಉಚ್ಚಾರದಲ್ಲಿ ಬಿದ್ದುಹೋಯಿತು. ಈಗ ಹ ಬರೆಯುತ್ತಾರೆ, 'ಅರೀನಾ' ಅನ್ನುತ್ತಾರೆ. ಹಾಗೇ ಹೆರ್ನಾಂಡೊ ಎಂದು ಬರೆದದ್ದನ್ನು 'ಎರ್ನಾಂಡೊ' ಎಂದು ಓದಬೇಕು. ಪೋರ್ಚುಗೀಸರು ಈ ದಾರಿ ಹಿಡಿಯಲಿಲ್ಲ. ಅದಕ್ಕೇ ಮಂಗಳೂರಿಗೆ ಬಂದದ್ದು ಫರ್ನಾಂಡಿಸ್, ಹೆರ್ನಾಂಡಿಸ್ ಅಲ್ಲ.

ಫರ್ನಾಂಡಿಸ್ ಅಂದರೆ?

ಫರ್ನಾಂಡೊನ ಮಗ. ಸ್ಪ್ಯಾನಿಷ್‌ನ ಫೆರ್ನಾಂದೆಸ್, ಎರ್ನಾಂದೆಸ್ ಕೂಡ ಇದೇ ಅರ್ಥದವು. ರೊಡ್ರಿಗೊನ ಮಗ ರೊಡ್ರಿಗಸ್, ಗೊನ್ಸಾಲೊನ ಮಗ ಗೊನ್ಸಾಲ್ವಿಸ್, ಅಲ್ವಾರೊನ ಮಗ ಅಲ್ವಾರಿಸ್. ನಮ್ಮ ಕರಾವಳಿಯ ಚರ್ಚಿನ ಹೆಸರಿನ ಪಟ್ಟಿ ತೆಗೆದರೆ ಅರ್ಧ ವಿಸಿಗಾಥ್ ಸೈನ್ಯವೇ ಸಿಗುತ್ತದೆ ಅಂತ ನಾನು ಸುಮ್ನೆ ತಮಾಷೆಗೆ ಹೇಳುವುದುಂಟು.

ಇದರರ್ಥ ಫರ್ನಾಂಡಿಸ್ ಮನೆಯವರೆಲ್ಲ ಪೋರ್ಚುಗೀಸರ ಸಂತತಿ ಅಂತ ಖಂಡಿತ ಅಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅಲ್ಲಿ ಕ್ರೈಸ್ತರಾದ ಸ್ಥಳೀಯರಿಗೆ ದೀಕ್ಷಾಸ್ನಾನದ ಹೊತ್ತಿಗೆ ಪೋರ್ಚುಗೀಸ್ ಹೆಸರು ಸಿಗುತ್ತಿತ್ತು. ಎಷ್ಟೋ ಸಲ ದೀಕ್ಷೆ ಕೊಟ್ಟ ಪಾದ್ರಿಯದ್ದು ಅಥವಾ ಜೊತೆಗೆ ನಿಂತ ಧರ್ಮತಂದೆಯದ್ದು. ಮುಂದೆ ಗೋವಾದಿಂದ ಕೊಂಕಣಿ ಮಾತಾಡುವ ಕ್ರೈಸ್ತರು ಕೆನರಾ ಕಡೆಗೆ ಬಂದು ನೆಲೆಸಿದರು. ಹೆಸರೂ ಜೊತೆಗೆ ಬಂತು. ಮಂಗಳೂರಿನಲ್ಲಿ ಹುಟ್ಟಿ ಕೇಂದ್ರ ಮಂತ್ರಿಯಾದ ಜಾರ್ಜ್ ಫರ್ನಾಂಡಿಸ್, ಉಡುಪಿಯ ಆಸ್ಕರ್ ಫರ್ನಾಂಡಿಸ್ ಇಬ್ಬರೂ ಈ ಹೆಸರನ್ನು ದೆಹಲಿಯವರೆಗೆ ಮುಟ್ಟಿಸಿದವರು.

ಪೋರ್ಚುಗೀಸರು ಕಾಲಿಟ್ಟ ಬೇರೆ ತೀರಗಳಲ್ಲೂ ಇದೇ ಕಥೆ. ಶ್ರೀಲಂಕಾದಲ್ಲಿ ಫರ್ನಾಂಡೊ ತೀರಾ ಸಾಮಾನ್ಯವಾದ ಮನೆತನದ ಹೆಸರು. ತಮಿಳುನಾಡಿನ ತೂತ್ತುಕುಡಿ ಕಡೆಯ ಪರವರಲ್ಲೂ ಇದೆ.

ಗೋವಾ ಗೆದ್ದ ಅಲ್ಬುಕರ್ಕ್‌ನ ಹೆಸರು ಅಫೊನ್ಸೊ. ಅದೂ ಇದೇ ಗಾಥಿಕ್ ಹಿನ್ನೆಲೆಯದ್ದು. ನಾವು ಬೇಸಿಗೆಯಲ್ಲಿ ತಿನ್ನುವ ಆಪೂಸು ಮಾವಿನ ಹೆಸರು ಅವನಿಂದಲೇ ಬಂತು ಎನ್ನುತ್ತಾರೆ.

ಕರ್ನಾಟಕದ ಇತಿಹಾಸದಲ್ಲಿ ಈ ಹೆಸರಿನವರು ಯಾರಿದ್ದಾರೆ?

ಇಬ್ಬರನ್ನಾದರೂ ಹೇಳಲೇಬೇಕು.

ಒಬ್ಬ ಫೆರ್ನಾವೊ ನೂನಿಜ್. ಪೋರ್ಚುಗೀಸ್ ಕುದುರೆ ವ್ಯಾಪಾರಿ. 1535ರಿಂದ 1537ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ. ಅಲ್ಲಿನ ರಾಜರ ಕಥೆ, ಯುದ್ಧ, ಆದಾಯ, ನಾಯಕರ ವ್ಯವಸ್ಥೆ, ಎಲ್ಲ ಬರೆದಿಟ್ಟ. ವಿಜಯನಗರದ ಬಗ್ಗೆ ಬರೆಯುವವರು ಇವನನ್ನೂ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪೇಸ್‌ನನ್ನೂ ಬಿಟ್ಟು ಮುಂದೆ ಹೋಗಲಾರರು. ನಮ್ಮ ಪಠ್ಯಗಳಲ್ಲಿ ಅವನ ಮೊದಲ ಹೆಸರು ಬಿಟ್ಟೇಹೋಗುತ್ತದೆ. ಅದಕ್ಕೇ ಅವನೂ ಒಬ್ಬ ಫರ್ಡಿನೆಂಡ್ ಅಂತ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಬ್ಬರು ಕಿಟೆಲ್. ಮೇಲೆ ಹೇಳಿದ ಪಾದ್ರಿಯ ಮಗ ಇವರೇ. ಪೂರ್ತಿ ಹೆಸರು ಗೇಓರ್ಗ್ ಫರ್ಡಿನೆಂಡ್ ಕಿಟೆಲ್. 1832ರಲ್ಲಿ ಉತ್ತರ ಜರ್ಮನಿಯ ಈಸ್ಟ್ ಫ್ರೀಸಿಯಾದಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಮೂಲಕ 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿ ಇದ್ದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಎರಡನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಹಕಾರದ ಪದ ತೆಗೆದರೆ ಪಕ್ಕದಲ್ಲಿ ಅದರ ಹಳೆಯ ಪಕಾರದ ರೂಪವನ್ನೂ, ತಮಿಳು, ತೆಲುಗು, ಮಲಯಾಳ, ತುಳುಗಳ ಬಂಧುಪದಗಳನ್ನೂ ಕೊಡುತ್ತಾರೆ. 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಧಾರವಾಡದ ಕಿಟೆಲ್ ಕಾಲೇಜು ಇವರ ಹೆಸರಿನದ್ದೇ.

ಜಗತ್ತಿನಲ್ಲಿ ಹೆಸರಾದ ಬೇರೆ ಫರ್ಡಿನೆಂಡರು?

ಪಟ್ಟಿ ಉದ್ದ ಇದೆ, ನನಗೆ ಇಷ್ಟವಾದವರನ್ನು ಮಾತ್ರ ಹೇಳುತ್ತೇನೆ. ಸೂಯೆಜ್ ಕಾಲುವೆ ತೋಡಿಸಿದವರು ಫರ್ಡಿನೆಂಡ್ ಡಿ ಲೆಸೆಪ್ಸ್. ಕಾಲುವೆ ತೆರೆದದ್ದು 1869ರಲ್ಲಿ, ಅಂದರೆ ಕಿಟೆಲ್ ಭಾರತಕ್ಕೆ ಹೊರಟಾಗ ಅದು ಇರಲೇ ಇಲ್ಲ. ಆಧುನಿಕ ಭಾಷಾವಿಜ್ಞಾನಕ್ಕೆ ತಳಹದಿ ಹಾಕಿದ ಜಿನೀವಾದ ಸೊಸ್ಯೂರ್ ಕೂಡ ಫರ್ಡಿನೆಂಡ್. ಅವರು ಸಂಸ್ಕೃತವನ್ನೂ ಕಲಿಸುತ್ತಿದ್ದರು. 1900ರಲ್ಲಿ ಕಾನ್‌ಸ್ಟನ್ಸ್ ಸರೋವರದ ಮೇಲೆ ದೊಡ್ಡ ವಾಯುನೌಕೆ ಹಾರಿಸಿದ ಝೆಪ್ಪೆಲಿನ್ ಇನ್ನೊಬ್ಬರು. ಹಳೆಯ ಟಿವಿಗಳ ಒಳಗಿದ್ದ ದಪ್ಪ ಗಾಜಿನ ಕೊಳವೆಯ ಮೂಲರೂಪವನ್ನು 1897ರಲ್ಲಿ ಮಾಡಿದ ಕಾರ್ಲ್ ಫರ್ಡಿನೆಂಡ್ ಬ್ರೌನ್ 1909ರಲ್ಲಿ ಮಾರ್ಕೋನಿ ಜೊತೆ ನೊಬೆಲ್ ಹಂಚಿಕೊಂಡರು. ಪೋರ್ಷೆ ಕಾರಿನ ಮನೆಯಲ್ಲಂತೂ ಅಜ್ಜ, ಮಗ, ಮೊಮ್ಮಗ, ಮಗಳ ಮಗ ಎಲ್ಲರೂ ಫರ್ಡಿನೆಂಡರೇ. ಅಡ್ಡಹೆಸರು ಇಲ್ಲದಿದ್ದರೆ ಊಟಕ್ಕೆ ಕರೆಯುವುದೇ ಕಷ್ಟವಾಗುತ್ತಿತ್ತು.

1914ರ ಜೂನ್ 28ರಂದು ಸರಾಯೆವೊದಲ್ಲಿ ಗುಂಡಿಗೆ ಬಲಿಯಾದ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಬಗ್ಗೆ ಎಲ್ಲರೂ ಓದಿರುತ್ತೀರಿ.

ಈಗ ಎಷ್ಟು ಬಳಕೆಯಲ್ಲಿದೆ?

ಯಾವ ದೇಶ, ಯಾವ ರೂಪ ಎನ್ನುವುದರ ಮೇಲೆ ಇದೆ. ಸ್ಪೇನ್, ಪೋರ್ಚುಗಲ್, ಲ್ಯಾಟಿನ್ ಅಮೆರಿಕದಲ್ಲಿ ಫರ್ನಾಂಡೊ ನಮ್ಮ ಮಂಜುನಾಥ, ರಮೇಶ ಇದ್ದ ಹಾಗೆ. ಪ್ರತಿ ಬೀದಿಯಲ್ಲೂ ಸಿಗುತ್ತಾನೆ. ಕಾರ್ ರೇಸಿನ ಅಲೊನ್ಸೊ, ಫುಟ್‌ಬಾಲಿನ ಟಾರೆಸ್, ಪೋರ್ಚುಗೀಸ್ ಕವಿ ಪೆಸ್ಸೊವಾ, ಎಲ್ಲರೂ ಫರ್ನಾಂಡೊ. ಅಮೆರಿಕದಲ್ಲೂ ಫರ್ಡಿನೆಂಡ್‌ಗಿಂತ ಫರ್ನಾಂಡೊ ಜಾಸ್ತಿ. ಕಾರಣ ಅಲ್ಲಿನ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು.

ಜರ್ಮನಿ, ಆಸ್ಟ್ರಿಯಾದಲ್ಲಿ 19ನೇ ಶತಮಾನ ಇದರ ಒಳ್ಳೆಯ ಕಾಲ. 20ನೇ ಶತಮಾನದಲ್ಲಿ ಇಳಿಯಿತು, ಅಜ್ಜಂದಿರ ಹೆಸರಾಯಿತು. ಈಚೆಗೆ ಹಳೆಯ ಹೆಸರುಗಳು ಮತ್ತೆ ಫ್ಯಾಷನ್ ಆಗಿವೆ, ಅದರ ಜೊತೆ ಇದೂ ಸ್ವಲ್ಪ ಮೇಲೆ ಬಂದಿದೆ. ಇಂಗ್ಲೆಂಡಿನಲ್ಲಿ ಮಾತ್ರ ಎಂದೂ ಬೇರು ಬಿಡಲಿಲ್ಲ. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಬರುತ್ತದೆ, ಆದರೆ ಅಲ್ಲಿ ಕೂಡ ನೇಪಲ್ಸಿನ ರಾಜಕುಮಾರನಿಗೆ, ನವಾರ್ರೆಯ ರಾಜನಿಗೆ. ಅಂದರೆ ಹೊರಗಿನವರಿಗೆ.

ಫಿಲಿಪ್ಪೀನ್ಸ್‌ನಲ್ಲಿ ಸ್ಪೇನಿನ ಆಳ್ವಿಕೆಯ ಗುರುತಾಗಿ ಉಳಿದಿದೆ. 1965ರಿಂದ 1986ರವರೆಗೆ ಅಧ್ಯಕ್ಷನಾಗಿದ್ದ ಮಾರ್ಕೋಸ್, 2022ರಲ್ಲಿ ಅಧ್ಯಕ್ಷನಾದ ಅವನ ಮಗ, ಇಬ್ಬರ ಹೆಸರೂ ಫರ್ಡಿನೆಂಡ್.

ಅರ್ಥ ಚೆನ್ನಾಗಿದೆ ಅಂತ ಈ ಹೆಸರು ಹರಡಲಿಲ್ಲ, ಗಮನಿಸಿದಿರಾ? ಇಟ್ಟವರಲ್ಲಿ ಬಹುತೇಕರಿಗೆ ಅದರ ಅರ್ಥವೇ ಗೊತ್ತಿರಲಿಲ್ಲ. ರಾಜ, ಸಂತ, ಅಜ್ಜ, ದೀಕ್ಷೆ ಕೊಟ್ಟ ಪಾದ್ರಿ: ಇವರಲ್ಲಿ ಯಾರೋ ಒಬ್ಬರ ನೆನಪಿಗೆ ಇಟ್ಟರು.

ಮನೆಯಲ್ಲಿ ಚಿಕ್ಕದಾಗಿ ಏನಂತ ಕರೆಯುತ್ತಾರೆ? ಹೆಣ್ಣುಮಕ್ಕಳಿಗೂ ಇಡುತ್ತಾರಾ?

ಜರ್ಮನ್ನಿನಲ್ಲಿ ಫೆರ್ಡಿ, ಆಸ್ಟ್ರಿಯಾ ಮತ್ತು ಬವೇರಿಯಾದಲ್ಲಿ ಫೆರ್ಡ್ಲ್, ಹಳೆಯ ಬರ್ಲಿನ್‌ನಲ್ಲಿ ನಾಂಟೆ. ಸ್ಪೇನ್, ಇಟಲಿಯಲ್ಲಿ ನಾಂದೊ. ಹೆಣ್ಣುಮಕ್ಕಳಿಗೆ ಫರ್ನಾಂಡಾ. ಬ್ರೆಜಿಲ್, ಮೆಕ್ಸಿಕೊದಲ್ಲಿ ಇದು ತುಂಬಾ ಸಾಮಾನ್ಯ. ಜರ್ಮನ್ನಿನ ಫರ್ಡಿನಾಂಡೆ ಈಗ ಅಪರೂಪ.

ಕನ್ನಡದಲ್ಲಿ ಹೇಗೆ ಬರೆಯುವುದು ಸರಿ?

ಕಿಟೆಲ್ ಅವರ ವಿಷಯಕ್ಕೆ 'ಫರ್ಡಿನೆಂಡ್' ರೂಢಿಯಾಗಿದೆ, ಅದು ಇಂಗ್ಲಿಷ್ ಉಚ್ಚಾರದ ದಾರಿ. ಜರ್ಮನ್ನರು 'ಫೆರ್ಡಿನಾಂಟ್' ಅನ್ನುತ್ತಾರೆ. ಪದದ ಕೊನೆಯ ಡ ಅವರ ಬಾಯಲ್ಲಿ ಟ ಆಗುತ್ತದೆ. ರೂಢಿ ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಸ್ಪೇನ್, ಪೋರ್ಚುಗಲ್‌ನವರಿಗೆ ಮಾತ್ರ ಫರ್ನಾಂಡೊ ಎಂದೇ ಬರೆಯಿರಿ.

ಈ ಹೆಸರಿನ ಹಬ್ಬ ಯಾವಾಗ?

ಮೇ 30. ಸಂತನಾದ ಮೂರನೇ ಫರ್ನಾಂಡೊ 1252ರಲ್ಲಿ ಸೆವಿಲ್‌ನಲ್ಲಿ ತೀರಿಕೊಂಡದ್ದು ಆ ದಿನ. ಆತನ ಸಮಾಧಿ ಈಗಲೂ ಸೆವಿಲ್‌ನ ದೊಡ್ಡ ಚರ್ಚಿನಲ್ಲಿದೆ.